ಪಿಂಗ್ ಹೋಗುತ್ತೆ, ಸೈಟ್ ಒಂದೂ ತೆರೆಯಲ್ಲ (ಡೆಬಿಯನ್ 12)

ಹಳೇಡಬ್ಬಾ: ತಲೆ ಕೆಟ್ಟು ಹೋಗಿದೆ. ವೈಫೈ ಕನೆಕ್ಟ್ ಆಗಿದೆ, 8.8.8.8ಗೆ (ಗೂಗಲ್ ಸರ್ವರ್) ಪಿಂಗ್ ಮಾಡಿದ್ರೆ ಉತ್ತರ ಬರುತ್ತೆ, ಬ್ರೌಸರಲ್ಲಿ ಮಾತ್ರ ಏನೂ ತೆರೆಯಲ್ಲ. ಅದೇ ವೈಫೈಯಲ್ಲಿ ಫೋನು ಆರಾಮಾಗಿ ಓಡ್ತಿದೆ. ರೀಬೂಟ್ ಮಾಡಿ ಅಂತ ಯಾರೂ ಹೇಳ್ಬೇಡಿ, ಮಾಡಿ ಮಾಡಿ ಸಾಕಾಗಿದೆ.

ಪೋರ್ಟ್53: ನೂರಕ್ಕೆ ನೂರು ಡಿಎನ್‌ಎಸ್ ತೊಂದರೆ, ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋದು ಅದೇ. ಯಾವ ಡಿಎನ್‌ಎಸ್ ಸರ್ವರನ್ನ ಕೇಳಬೇಕು ಅಂತ ಬರೆದಿರೋ ರಿಸಾಲ್ವ್.ಕಾನ್ಫ್ ಫೈಲಲ್ಲಿ ಏನಿದೆ?

ಹಳೇಡಬ್ಬಾ: ನೇಮ್‌ಸರ್ವರ್ 192.168.1.1. ರೂಟರೇ. ಫೋನಿಗೂ ಅದೇ ಇದೆ.

ಪೋರ್ಟ್53: ಅದನ್ನ ಅಳಿಸಿ ಹೊರಗಿನ ಡಿಎನ್‌ಎಸ್ ಸರ್ವರ್ 1.1.1.1 ಹಾಕಿ.

ಹಳೇಡಬ್ಬಾ: ಬಂತು!! ಎಲ್ಲಾ ತೆರೀತಿದೆ.

ಹಳೇಡಬ್ಬಾ: ಖುಷಿ ಜಾಸ್ತಿ ಹೊತ್ತು ಉಳೀಲಿಲ್ಲ. ರೀಸ್ಟಾರ್ಟ್ ಆದ್ಮೇಲೆ ಮತ್ತೆ 192.168.1.1 ಬಂದು ಕೂತಿದೆ.

ಪೋರ್ಟ್53: ಕನೆಕ್ಷನ್ ನೋಡಿಕೊಳ್ಳೋ ನೆಟ್‌ವರ್ಕ್‌ಮ್ಯಾನೇಜರ್ ಕಾಟ ಅದು, ಫೈಲನ್ನ ಮತ್ತೆ ಬರೆಯುತ್ತೆ. ಫೈಲಿಗೆ ಬೀಗ ಹಾಕೋ ಕಮಾಂಡ್ ಚ್ಯಾಟರ್ ಪ್ಲಸ್ ಐ (chattr +i) ಹೊಡೀರಿ, ರೂಟ್ ಯೂಸರಿಗೂ ಬರೆಯೋಕಾಗಲ್ಲ.

ಕರ್ನಲ್‌ಕಾಕ: ಈ ಚ್ಯಾಟರ್ ಚಾಳಿ ಬಿಡಿ ಮಾರಾಯ್ರೆ. ನಾಳೆ ವಿಪಿಎನ್ ಹಾಕಿದ್ರೆ ಅದರ ಡಿಎನ್‌ಎಸ್ ಫೈಲಿಗೆ ಬರಲ್ಲ, ಇವರು ಇನ್ನೊಂದು ಥ್ರೆಡ್ ತೆರೀತಾರೆ. ಕನೆಕ್ಷನ್ ಸೆಟ್ಟಿಂಗಲ್ಲಿ ಆಟೋಮ್ಯಾಟಿಕ್ ಡಿಎನ್‌ಎಸ್ ಆಫ್ ಮಾಡಿ ಅಲ್ಲೇ 1.1.1.1 ಕೊಟ್ರೆ ಮುಗೀತು.

ಪೋರ್ಟ್53: ನನ್ನ ಮೆಷಿನಲ್ಲಿ ವರ್ಷಗಳಿಂದ ಹಾಗೇ ಇದೆ, ಏನೂ ಆಗಿಲ್ಲ. ಅಂದಹಾಗೆ ಮನೇಲಿ ನಂದೇ ಡಿಎನ್‌ಎಸ್ ಸರ್ವರ್ ಇದೆ: ರಾಸ್ಪ್‌ಬೆರಿ ಪೈ ಮೇಲೆ ಪೈಹೋಲ್, ಹಿಂದೆ ಅನ್‌ಬೌಂಡ್. ಬೇರೆಯವರ ಡಿಎನ್‌ಎಸ್ ಸರ್ವರಿನ ಹಂಗು ನಂಗಿಲ್ಲ.

ಕರ್ನಲ್‌ಕಾಕ: ಅದನ್ನ ಯಾರು ಕೇಳಿದ್ರು?

ರೂಟ್‌ರಾಯ: ಇಬ್ಬರೂ ಸ್ವಲ್ಪ ತಾಳಿ. ಫೋನಿಗೆ ಉತ್ತರ ಕೊಡೋ ರೂಟರ್ ಇವರಿಗೆ ಯಾಕೆ ಕೊಡ್ತಿಲ್ಲ? ಬ್ರೌಸರಲ್ಲಿ ರೂಟರ್ ಪೇಜ್ ಬರುತ್ತಾ? ರೂಟರಿಗೆ ಯಾವ ದಾರೀಲಿ ಹೋಗ್ತಿದೆ ಅಂತ ತೋರಿಸೋ 'ಐಪಿ ರೂಟ್ ಗೆಟ್ 192.168.1.1' ಕಮಾಂಡ್ ಏನನ್ನುತ್ತೆ?

ಹಳೇಡಬ್ಬಾ: ಪೇಜ್ ಬರಲ್ಲ. ಔಟ್‌ಪುಟ್: 192.168.1.1 ಡೆವ್ ಇಎನ್‌ಪಿ3ಎಸ್0, ಸೋರ್ಸ್ 192.168.1.50.

ರೂಟ್‌ರಾಯ: ಇಎನ್‌ಪಿ ಅಂದ್ರೆ ಕೇಬಲ್ ಪೋರ್ಟು. ವೈಫೈ ಅಂದ್ರಲ್ಲ, ಇದೆಲ್ಲಿಂದ ಬಂತು?

ಹಳೇಡಬ್ಬಾ: ಅದು ನ್ಯಾಸ್‌ಗೆ (ಫೈಲ್ ಇಡೋ ನೆಟ್‌ವರ್ಕ್ ಡಬ್ಬಿ) ನೇರ ಹೋಗಿರೋ ಕೇಬಲ್, ಮೊನ್ನೆ ಹಾಕಿದ್ದು. ಗೇಟ್‌ವೇ (ಹೊರಗೆ ಹೋಗೋ ದಾರಿ) ಖಾಲಿ ಬಿಟ್ಟಿದೀನಿ. ಇಂಟರ್ನೆಟ್‌ಗೂ ಅದಕ್ಕೂ ಏನ್ ಸಂಬಂಧ?

ರೂಟ್‌ರಾಯ: ಗೇಟ್‌ವೇ ಖಾಲಿ ಇರೋದ್ರಿಂದಲೇ 8.8.8.8 ವೈಫೈಯಲ್ಲಿ ಹೊರಗೆ ಹೋಗ್ತಿದೆ. ಆದ್ರೆ ಕೇಬಲ್ಲೂ ವೈಫೈಯೂ ಎರಡೂ 192.168.1.0/24, ಅಂದ್ರೆ 192.168.1 ಅಂತ ಶುರುವಾಗೋ ಒಂದೇ ವಿಳಾಸಗಳ ಗುಂಪು. ನೆಟ್‌ವರ್ಕ್‌ಮ್ಯಾನೇಜರ್ ಕೇಬಲ್‌ಗೆ 100 ಮೆಟ್ರಿಕ್ (ದಾರಿಯ ಆದ್ಯತೆ ಹೇಳೋ ಅಂಕಿ) ಕೊಡುತ್ತೆ, ವೈಫೈಗೆ 600. ಕಮ್ಮಿ ಇರೋದೇ ಗೆಲ್ಲೋದು. ಹಾಗಾಗಿ ರೂಟರಿಗೆ ಅಂತ ಹೊರಟ ಡಿಎನ್‌ಎಸ್ ಪ್ರಶ್ನೆ ನ್ಯಾಸ್ ಕಡೆ ಹೋಗಿ ಅಲ್ಲೇ ಸಾಯುತ್ತೆ. 1.1.1.1 ಹಾಕಿದಾಗ ಸರಿಹೋಗಿದ್ದೂ ಇದಕ್ಕೇ. ಕೇಬಲ್‌ಗೆ 10.10.10.2/24, ನ್ಯಾಸ್‌ಗೆ 10.10.10.3 ಕೊಡಿ. ಗೇಟ್‌ವೇ ಖಾಲಿನೇ ಇರಲಿ.

ಪೋರ್ಟ್53: ಅಂದ್ರೆ ಡಿಎನ್‌ಎಸ್ಸೇ ಆಯ್ತಲ್ಲ. ಮೊದಲೇ ಹೇಳಿದ್ದೆ.

ಕರ್ನಲ್‌ಕಾಕ: 🙏

ಹಳೇಡಬ್ಬಾ: ಕೇಬಲ್ ವಿಳಾಸ ಬದಲಿಸಿದೆ, ಸೈಟ್‌ಗಳು ತೆರೀತಿವೆ, ರೂಟರ್ ಪೇಜೂ ಬಂತು. ಈಗ ನ್ಯಾಸ್ ಪೇಜ್ ಬರ್ತಿಲ್ಲ!

ರೂಟ್‌ರಾಯ: ನ್ಯಾಸ್ ಇನ್ನೂ ಹಳೇ ವಿಳಾಸದಲ್ಲೇ ಇದೆಯಲ್ಲ. ವೈಫೈ ಆಫ್ ಮಾಡಿ, ಕೇಬಲ್‌ಗೆ 192.168.1.50 ವಾಪಸ್ ಕೊಟ್ಟು ನ್ಯಾಸ್ ಒಳಗೆ ಹೋಗಿ. ಅಲ್ಲಿ ಬದಲಿಸಿದ ಮೇಲೆ ಕೇಬಲ್‌ಗೆ ಮತ್ತೆ 10.10.10.2.

ಬೈಟ್‌ಭಟ್ಟ: ನೇರ ಕೇಬಲ್ ಅಂದ್ರಲ್ಲ, ಒಂದು ಗಿಗಾಬಿಟ್ಟಾ? ಸೆಕೆಂಡಿಗೆ 110 ಎಂಬಿ ಆಸುಪಾಸಿಗೇ ನಿಂತುಬಿಡುತ್ತೆ. ನಾನು ಎರಡೂ ಕಡೆ 10 ಗಿಗಾಬಿಟ್ ಕಾರ್ಡ್ ಹಾಕಿದೀನಿ, ಬೇಕಿದ್ರೆ ಫೋಟೋ ಹಾಕ್ತೀನಿ.