ನಿವೃತ್ತಿಯಾಗಿ ನಾಲ್ಕು ತಿಂಗಳು. ಭಾನುವಾರ ಬಿಟ್ಟು ಉಳಿದ ಆರು ದಿನ ಏನು ಮಾಡಲಿ?

ಗಂಗಾವತಿಯ ನಿವೃತ್ತ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ವಂದನೆಗಳು. ಸರ್ಕಾರಿ ಹೈಸ್ಕೂಲುಗಳಲ್ಲಿ 33 ವರ್ಷ ಗಣಿತ ಹೇಳಿಕೊಟ್ಟೆ. 60 ತುಂಬಿ ನಾಲ್ಕು ತಿಂಗಳ ಹಿಂದೆ ನಿವೃತ್ತನಾದೆ. ಮಗ ಪುಣೆಯಲ್ಲಿದ್ದಾನೆ, ಮಗಳು ಹುಬ್ಬಳ್ಳಿಯಲ್ಲಿ. ಪೆನ್ಶನ್ ಬರುತ್ತಿದೆ. ಬಿಪಿ ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ಕಷ್ಟ ಅಂತ ಹೇಳಿಕೊಳ್ಳಲು ಏನೂ ಇಲ್ಲ. ಆದರೆ ಬೆಳಗ್ಗೆ ಶಾಲೆಯಲ್ಲಿ ಪ್ರಾರ್ಥನೆ ಗಂಟೆ ಹೊಡೆಯುವ ಹೊತ್ತಿಗೆ ಎದೆ ಭಾರ ಆಗುತ್ತದೆ. ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತೇನೆ, ಹೋಗಲು ಎಲ್ಲೂ ಇಲ್ಲ. ಭಾನುವಾರ ಚರ್ಚಿನ ಆರಾಧನೆಗೆ ಹೋದರೆ ಸಮಾಧಾನ ಸಿಗುತ್ತದೆ. ಸೋಮವಾರ ಮತ್ತೆ ಅದೇ. ದೇವರು ನನ್ನನ್ನು ಇನ್ನೂ ಯಾವುದಕ್ಕೆ ಇಟ್ಟಿದ್ದಾನೆ? ನನಗಿಂತ ಮುಂಚೆ ಈ ದಾರಿ ತುಳಿದವರು ದಯವಿಟ್ಟು ಹೇಳಿ. ಬರೀ ಬೈಬಲ್ ವಾಕ್ಯ ಬರೆದು ಬಿಡಬೇಡಿ, ನೀವು ಏನು ಮಾಡಿದಿರಿ ಅಂತ ಹೇಳಿ.

ಬಳ್ಳಾರಿಯಿಂದ, ನಿವೃತ್ತ ನರ್ಸ್:

ಮೇಷ್ಟ್ರೇ, ಗಂಟೆಯ ಮಾತು ಓದಿ ನನ್ನ ಮೊದಲ ವರ್ಷ ಕಣ್ಣ ಮುಂದೆ ಬಂತು. ನಾನು ನಿವೃತ್ತಳಾಗಿ ಏಳು ವರ್ಷ. ನೈಟ್ ಡ್ಯೂಟಿಗೆ ಒಗ್ಗಿದ ಮೈ ನನ್ನದು. ರಾತ್ರಿ ಎರಡಕ್ಕೆ ಎಚ್ಚರವಾಗಿ, ಯಾವ ಬೆಡ್ಡಿನ ಡ್ರಿಪ್ ಮುಗಿಯಿತೋ ಅಂತ ಎದ್ದು ಕೂರುತ್ತಿದ್ದೆ. ನಮ್ಮೆಜಮಾನರು ದೀಪ ಹಾಕಿ, "ಮನೆಯಲ್ಲಿದ್ದೀಯ, ಮಲಗು" ಅನ್ನುತ್ತಿದ್ದರು.

ಆ ಖಾಲಿತನಕ್ಕೆ ಹೆದರಿ ನಾನೊಂದು ತಪ್ಪು ಮಾಡಿದೆ. ಅದನ್ನೇ ಮೊದಲು ಹೇಳುತ್ತೇನೆ. ಚರ್ಚಿನ ಸಭೆಯಲ್ಲಿ ಯಾರು ಏನು ಕೇಳಿದರೂ ಹೂಂ ಅಂದೆ. ಸಂಡೇ ಸ್ಕೂಲು, ಮಹಿಳೆಯರ ಕೂಟದ ಲೆಕ್ಕಪತ್ರ, ಕ್ವಾಯರ್, ಮನೆ ಪ್ರಾರ್ಥನೆ, ಎಲ್ಲದಕ್ಕೂ ನಾನೇ. ಡಿಸೆಂಬರಿನಲ್ಲಿ ಒಂದು ರಾತ್ರಿ ಕ್ಯಾರಲ್ ಹಾಡಲು ಮನೆಮನೆ ಸುತ್ತಿ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಇಷ್ಟು ಓಡಾಡಿದರೂ ಒಳಗಿನ ಜಾಗ ತುಂಬಿರಲಿಲ್ಲ. ಡ್ಯೂಟಿ ಹೋದ ಜಾಗಕ್ಕೆ ಇನ್ನೊಂದು ಡ್ಯೂಟಿ ತಂದು ಇಟ್ಟಿದ್ದೆ, ಅಷ್ಟೇ.

ಆಮೇಲೆ ಬೈಬಲ್ ಮೊದಲಿನಿಂದ ಓದುತ್ತಾ ಅರಣ್ಯಕಾಂಡಕ್ಕೆ ಬಂದೆ. ಎಂಟನೇ ಅಧ್ಯಾಯದ ಕೊನೆಯ ಮೂರು ವಚನ ನೋಡಿ. ನೂರು ಸಲ ದಾಟಿ ಹೋಗಿದ್ದೆ, ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ಲೇವಿಯರು, ಅಂದರೆ ಇಸ್ರಾಯೇಲರಲ್ಲಿ ದೇವರ ಸೇವೆಗೆ ನೇಮಕವಾದ ಕುಲದವರು, 25ನೇ ವಯಸ್ಸಿಗೆ ಆರಾಧನೆಯ ಗುಡಾರದ ಸೇವೆಗೆ ಸೇರುತ್ತಾರೆ, 50ಕ್ಕೆ ಆ ಕೆಲಸ ಬಿಡಬೇಕು. ಆಗಿನ ಕಾಲಕ್ಕೇ ನಿವೃತ್ತಿ! ಅವರ ಕೆಲಸ ಹಗುರದ್ದಲ್ಲ. ಮರುಭೂಮಿಯಲ್ಲಿ ಗುಡಾರ ಬಿಚ್ಚುವುದು, ಹಲಗೆ, ಪರದೆ, ಕಂಬ ಎಲ್ಲ ಸಾಗಿಸುವುದು, ಮುಂದಿನ ಜಾಗದಲ್ಲಿ ಮತ್ತೆ ನಿಲ್ಲಿಸುವುದು. 50 ಆದಮೇಲೆ ಆ ಭಾರ ಹೊರಬೇಡಿ ಅಂತ ದೇವರೇ ಹೇಳುತ್ತಾನೆ. ಆದರೆ ಗುಡಾರದಿಂದ ಆಚೆ ಕಳಿಸುವುದಿಲ್ಲ. ಅಲ್ಲೇ ಇದ್ದು ತಮ್ಮವರಿಗೆ ನೆರವಾಗಲಿ, ಕಾವಲಿರಲಿ ಅನ್ನುತ್ತಾನೆ. ನನಗೆ ಬೇಕಾಗಿದ್ದ ಮಾತು ಅದೇ. ನಾನು ಹೊರುವವರ ಸಾಲಿನಲ್ಲೇ ನಿಲ್ಲಬೇಕು ಅಂತ ಹಟ ಹಿಡಿದಿದ್ದೆ. ಮರುವಾರವೇ ಲೆಕ್ಕದ ಪುಸ್ತಕವನ್ನು ಒಬ್ಬ ಚಿಕ್ಕ ಹುಡುಗಿಗೆ ಕೊಟ್ಟೆ. ಅವಳು ನನಗಿಂತ ಚೆನ್ನಾಗಿ ಬರೆಯುತ್ತಾಳೆ. ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂತು ನೋಡುತ್ತೇನೆ, ಅಷ್ಟೇ ನನ್ನ ಕೆಲಸ.

ಈಗ ಮಂಗಳವಾರ ಮತ್ತು ಶುಕ್ರವಾರ ಒಂದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗುತ್ತೇನೆ. ಬೆಳಗ್ಗೆ ಎಂಟೂವರೆಯಿಂದ ಹನ್ನೆರಡರವರೆಗೆ. ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದಿರುತ್ತಾರೆ. ಚೀಟಿ ಎಲ್ಲಿ, ರಕ್ತ ಕೊಡುವುದು ಎಲ್ಲಿ, ಎಕ್ಸ್‌ರೇ ಯಾವ ಬಾಗಿಲು, ಒಂದೂ ಗೊತ್ತಿರುವುದಿಲ್ಲ. ಒಂದು ಬೇಸಿಗೆಯಲ್ಲಿ ಒಬ್ಬ ಅಜ್ಜ ಸಕ್ಕರೆ ಕಾಯಿಲೆಯ ಗಾಯದ ಕಾಲಿಗೆ ಟವೆಲ್ ಸುತ್ತಿಕೊಂಡು ಬೇವಿನ ಮರದ ಕೆಳಗೆ ಕೂತಿದ್ದ. ಏಳು ಗಂಟೆಗೇ ಬಂದಿದ್ದನಂತೆ. ಹೆಸರು ಕೂಗುತ್ತಾರೆ ಅಂದುಕೊಂಡಿದ್ದ. ಚೀಟಿಯನ್ನೇ ಮಾಡಿಸಿರಲಿಲ್ಲ. ಹನ್ನೊಂದಾಗಿತ್ತು. ಅವನ ಜೊತೆ ಮೂರು ಕಡೆ ಓಡಾಡಿದೆ, ಗಾಯ ತೊಳೆದು ಕಟ್ಟು ಕಟ್ಟುವವರೆಗೆ ನಿಂತೆ. ಹೋಗುವಾಗ ಚೀಲದಿಂದ ಎರಡು ರೊಟ್ಟಿ ತೆಗೆದು ನನ್ನ ಕೈಗಿಟ್ಟ. ಅಂದು ರಾತ್ರಿ ಎರಡಕ್ಕೆ ನನಗೆ ಎಚ್ಚರ ಆಗಲಿಲ್ಲ.

ನೀವೂ ಇಂಥದ್ದು ಶುರು ಮಾಡುವುದಾದರೆ ಮೊದಲು ಅಲ್ಲಿನ ಮುಖ್ಯಸ್ಥರನ್ನು ಕಂಡು ಒಪ್ಪಿಗೆ ಕೇಳಿ. ಸಿಬ್ಬಂದಿಯ ಕೆಲಸದಲ್ಲಿ ಕೈ ಹಾಕಬೇಡಿ. ಇನ್ನೊಂದು ಮಾತು. ಅಲ್ಲಿ ನಾನು ಬೈಬಲ್ ತೆಗೆಯುವುದಿಲ್ಲ. ನೋವಿನಲ್ಲಿರುವವರ ಮುಂದೆ ನಮ್ಮ ನಂಬಿಕೆಯ ಮಾತು ಎತ್ತಿದರೆ ಅವರ ಕಷ್ಟವನ್ನು ಬಳಸಿಕೊಂಡ ಹಾಗೆ ಆಗುತ್ತದೆ. ಪ್ರಾರ್ಥನೆಯನ್ನು ನಾನು ಬಸ್ಸಿನಲ್ಲಿ ಹೋಗುವಾಗ ಮಾಡಿಕೊಳ್ಳುತ್ತೇನೆ.

ರಾಯಚೂರಿನಿಂದ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು:

ಬ್ರದರ್, ನಾನು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದೆ. 2022ರಿಂದ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರು. ಗುಂತಕಲ್, ವಾಡಿ ಕಡೆ ಓಡಾಡಿ ಎಷ್ಟೋ ಕ್ರಿಸ್ಮಸ್ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲೇ ಕಳೆದೆ. ನಿವೃತ್ತನಾದಾಗ ಹೆಂಡತಿಗೆ, ಇನ್ನು ಪ್ರತಿ ಭಾನುವಾರ ನಿನ್ನ ಜೊತೆ ಚರ್ಚಿಗೆ ಬರುತ್ತೇನೆ ಅಂದಿದ್ದೆ. 14 ತಿಂಗಳಿಗೆ ಅವಳು ಹೋದಳು.

ಅಕ್ಕನವರ ಮಾತು ನಿಜ. ಆದರೆ ಎಲ್ಲರೂ ಆಸ್ಪತ್ರೆಗೆ ಓಡಲಾರರು. ನನ್ನ ಎರಡೂ ಮೊಣಕಾಲು ಹೋಗಿವೆ. ಮೆಟ್ಟಿಲು ಹತ್ತಲು ಆಗುವುದಿಲ್ಲ. ಉಪಯೋಗಕ್ಕೆ ಬಂದರೆ ಮಾತ್ರ ಬೆಲೆ ಅಂತಾದರೆ ನನ್ನಂಥವನ ಕಥೆ ಏನು? ಈ ಪ್ರಶ್ನೆ ನನ್ನನ್ನು ಎರಡು ವರ್ಷ ಕಾಡಿತು. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಅನ್ನ ಎಂಬ ವಿಧವೆ ಬರುತ್ತಾಳಲ್ಲ, 84ರ ಮುದುಕಿ. ದೇವಾಲಯ ಬಿಟ್ಟು ಹೋಗದೆ, ಉಪವಾಸ, ಪ್ರಾರ್ಥನೆಯಲ್ಲಿ ಇದ್ದವಳು. ಆಕೆ ಗುಡಿಸಿದಳು, ಬಡಿಸಿದಳು ಅಂತ ಎಲ್ಲೂ ಬರೆದಿಲ್ಲ. ಆದರೆ ಯೋಸೇಫ, ಮರಿಯ ಇಬ್ಬರೂ ಕೂಸು ಯೇಸುವನ್ನು ಎತ್ತಿಕೊಂಡು ಬಂದಾಗ, ಅಷ್ಟು ಜನರ ನಡುವೆ ಗುರುತು ಹಿಡಿದ ಇಬ್ಬರಲ್ಲಿ ಆಕೆ ಒಬ್ಬಳು. ಇನ್ನೊಬ್ಬ ಸಿಮೆಯೋನ.

ನಾನು 200 ಪುಟದ ಒಂದು ನೋಟ್‌ಬುಕ್ ತಂದೆ. ಗಾಡಿಯ ಜರ್ನಲ್ ಬರೆದ ಕೈ, ಗೆರೆ ಹಾಕಿ ಬರೆಯುವುದು ಚೆನ್ನಾಗಿ ಗೊತ್ತು. ತಾರೀಖು, ಹೆಸರು, ಏನು ಕಷ್ಟ. ದಿನಕ್ಕೆ ಆರು ಹೆಸರು. ಬೆಳಗ್ಗೆ ಐದಕ್ಕೆ ಅವರಿಗಾಗಿ ಪ್ರಾರ್ಥಿಸುತ್ತೇನೆ. ಸಂಜೆ ಆ ಆರರಲ್ಲಿ ಒಬ್ಬರಿಗೆ ಫೋನ್ ಮಾಡುತ್ತೇನೆ. ಫೋನ್ ಮಾಡುವುದು ಮುಖ್ಯ ಬ್ರದರ್. "ನಿಮಗಾಗಿ ಪ್ರಾರ್ಥಿಸುತ್ತೇನೆ" ಅಂತ ಎಲ್ಲರೂ ಹೇಳುತ್ತಾರೆ. ಹದಿನೈದು ದಿನ ಬಿಟ್ಟು, "ಮಗನ ಪರೀಕ್ಷೆ ಏನಾಯ್ತು, ಸ್ಕ್ಯಾನಿಂಗ್ ರಿಪೋರ್ಟ್ ಬಂತಾ?" ಅಂತ ಕೇಳುವವರು ಕಡಿಮೆ. ಶಕ್ತಿನಗರದಲ್ಲಿ ಒಬ್ಬ ಹುಡುಗ ಇದ್ದಾನೆ, ಕುಡಿತ ಬಿಟ್ಟು ಎಂಟು ತಿಂಗಳು. ಗುರುವಾರ ಗುರುವಾರ ಏಳಕ್ಕೆ ನಾನು ಫೋನ್ ಮಾಡಬೇಕು. ಒಂದು ವಾರ ಜ್ವರ ಬಂದು ಮಾಡಲಿಲ್ಲ. ಎಂಟಕ್ಕೆ ಅವನೇ ಮಾಡಿದ. "ಅಂಕಲ್, ಹುಷಾರಿಲ್ವಾ?" ಅಂದ.

ಹೆಂಡತಿಯ ಹೆಸರೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ. ಅದರ ಮುಂದೆ ಕಷ್ಟ ಅಂತ ಏನೂ ಬರೆದಿಲ್ಲ.

ಕೊಪ್ಪಳದಿಂದ, ಗೃಹಿಣಿ:

ಅಣ್ಣಾ, ನನ್ನ ಯಜಮಾನರೂ ನಿಮ್ಮ ಹಾಗೆ ನಿವೃತ್ತರು. ನಾನು ಒಂದೇ ಮಾತು ಹೇಳುತ್ತೇನೆ. ಮನೆಯಲ್ಲಿ ಅತ್ತಿಗೆಯವರನ್ನು ಕೇಳಿದಿರಾ? ನಿಮಗೆ 60ಕ್ಕೆ ಬಿಡುವು ಸಿಕ್ಕಿತು. ನಮಗೆ ಒಲೆ ಹಾಗೇ ಉರಿಯುತ್ತಿರುತ್ತದೆ, ಈಗ ಮಧ್ಯಾಹ್ನದ ಊಟಕ್ಕೆ ಒಬ್ಬರು ಜಾಸ್ತಿ. ನಮ್ಮವರು ಮೊದಲು ಆರು ತಿಂಗಳು ಸಭೆಯಲ್ಲಿ ಏನು ಸೇವೆ ಮಾಡಲಿ ಅಂತ ಹುಡುಕಿದರು. ಒಂದು ದಿನ ಬೆಳಗ್ಗೆ ನಾನು ಏಳುವ ಮೊದಲೇ ಚಹಾ ಮಾಡಿದರು. ಅವತ್ತಿನಿಂದ ಬೆಳಗಿನ ಚಹಾ ಅವರದೇ. ಕಾಯಿಪಲ್ಲೆ ತರುವುದು, ಸೋಸಿ ಇಡುವುದು ಅವರದು. ರಾತ್ರಿ ಊಟ ಆದಮೇಲೆ ಇಬ್ಬರೇ ಕೂತು ಬೈಬಲಿನ ಒಂದು ಕೀರ್ತನೆ ಓದುತ್ತೇವೆ. ಒಂದು ದಿನ ಅವರು, ಒಂದು ದಿನ ನಾನು. ಮದುವೆಯಾಗಿ 36 ವರ್ಷದಲ್ಲಿ ನಾನು ಓದುವುದನ್ನು ಅವರು ಕೂತು ಕೇಳಿದ್ದು ಈಗಲೇ. ಹೊರಗಿನ ಸೇವೆ ಆಮೇಲೆ ಬರಲಿ ಅಣ್ಣಾ.

ಸಿಂಧನೂರಿನಿಂದ, ತಾಲ್ಲೂಕು ಕಚೇರಿಯಲ್ಲಿ ಕ್ಲರ್ಕ್ ಆಗಿದ್ದವರು:

ಸರ್, ನಾವು ಮೂಲ ಮುದಗಲ್‌ನವರು, ಕ್ಯಾಥೊಲಿಕರು. ಆದಿಲ್‌ಶಾಹಿ ಕಾಲದಿಂದ ನಮ್ಮವರು ಅಲ್ಲಿದ್ದಾರೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಅಜ್ಜಿ ಹಾಡುತ್ತಿದ್ದ ಹಾಡು ಈಗ ಮನೆಯಲ್ಲಿ ನನಗೊಬ್ಬನಿಗೇ ಬರುವುದು. ಮೊಮ್ಮಕ್ಕಳಿಗೆ ಕಲಿಸುತ್ತಿದ್ದೇನೆ.

ನಾನು ಮಾಡುವುದು ಹಳೆಯ ಕೆಲಸವನ್ನೇ, ಟೇಬಲ್ಲಿನ ಈ ಕಡೆ ಕೂತು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಿರಬೇಕು. ಎಷ್ಟೋ ಮುದುಕರಿಗೆ 70 ದಾಟಿದ್ದರೂ ಆಧಾರ್‌ನಲ್ಲಿ ವಯಸ್ಸು ಕಡಿಮೆ ಬಿದ್ದಿರುತ್ತದೆ. ಕೆಲವರದು ಮಂಜೂರಾಗಿರುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಹಣ ನಿಂತಿರುತ್ತದೆ. ನಾಡಕಚೇರಿಗೆ ಯಾವ ಕಾಗದ ಮೊದಲು, ಯಾವುದು ಆಮೇಲೆ ಅನ್ನುವುದು ನನಗೆ ಕಣ್ಣುಮುಚ್ಚಿದರೂ ಗೊತ್ತು. ಬುಧವಾರ ಬೆಳಗ್ಗೆ ಚರ್ಚಿನ ಜಗುಲಿಯಲ್ಲಿ ಕೂರುತ್ತೇನೆ. ಯಾವ ಜಾತಿ, ಯಾವ ಧರ್ಮದವರೂ ಬರಬಹುದು. ದುಡ್ಡು ಮುಟ್ಟುವುದಿಲ್ಲ, ಚಹಾಕ್ಕೂ ಅಷ್ಟೇ. ನವೆಂಬರಿನಲ್ಲಿ ಮಾತ್ರ ನೂಕುನುಗ್ಗಲು. ಪೆನ್ಶನ್‌ದಾರರ ಜೀವಿತ ಪ್ರಮಾಣಪತ್ರದ ತಿಂಗಳು ಅದು.

ಒಬ್ಬನೇ ಮಾಡಬೇಡಿ ಸರ್, ಜೊತೆಗೊಬ್ಬರು ಇರಲಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಮ್ ಎಂಬ 20ರ ಹುಡುಗ ಗೆಳೆಯರ ಜೊತೆ ಸೇರಿ ಶುರು ಮಾಡಿದ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಇವತ್ತಿಗೂ ಬಡವರ ಮನೆಗೆ ಇಬ್ಬಿಬ್ಬರನ್ನೇ ಕಳಿಸುತ್ತದೆ. ಒಬ್ಬನಿಗೆ ಬೇಸರ ಬಂದ ದಿನ ಇನ್ನೊಬ್ಬ ಎಬ್ಬಿಸಿಕೊಂಡು ಹೋಗುತ್ತಾನೆ. ನನ್ನ ಜೊತೆಗಾರ ನಿವೃತ್ತ ಕಂಡಕ್ಟರ್. ಅವರ ಸ್ಕೂಟರ್, ನನ್ನ ಪೆನ್ನು.

ಬಳ್ಳಾರಿಯಿಂದ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು:

ನಾನು ಬೈಬಲ್ ಕೈಯಲ್ಲಿ ಬರೆಯುತ್ತಿದ್ದೇನೆ. ನಮ್ಮ 66 ಪುಸ್ತಕಗಳಲ್ಲಿ 1,189 ಅಧ್ಯಾಯ. ದಿನಕ್ಕೊಂದು ಅಂದರೂ ಮೂರು ವರ್ಷ ಮೂರು ತಿಂಗಳು. ನನಗೆ ಈಗ ಎರಡನೇ ವರ್ಷ, ಯೆಶಾಯನಲ್ಲಿದ್ದೇನೆ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತರು. ಅದಕ್ಕೆ ಎಷ್ಟೋ ವರ್ಷ ಹಿಡಿಯಿತು. ಬರೆಯುತ್ತಾ ಕೂತಾಗ ಅದು ನೆನಪಾಗುತ್ತದೆ, ಅವಸರ ಹೋಗುತ್ತದೆ. ಬರೆದ ಅಧ್ಯಾಯವನ್ನು ಸಂಜೆ ಪಕ್ಕದ ಮನೆಯ ಅಮ್ಮನಿಗೆ ಓದಿ ಹೇಳುತ್ತೇನೆ. ಅವರಿಗೆ ಕಣ್ಣು ಕಾಣುವುದಿಲ್ಲ. ವಂಶಾವಳಿಯ ಹೆಸರುಗಳನ್ನೂ ಬಿಡಬೇಡ ಅನ್ನುತ್ತಾರೆ.

ಕೊಪ್ಪಳದಿಂದ, ಸಂಡೇ ಸ್ಕೂಲ್ ಟೀಚರ್:

ಸರ್, ನಮಸ್ಕಾರ. ನನಗೆ 29 ವಯಸ್ಸು, ಇಲ್ಲಿ ಮಾತಾಡಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ತಂದೆತಾಯಿ ಬೆಂಗಳೂರು, ಗೋವಾ ಕಡೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಎಂಟನೇ ತರಗತಿಯ ಹುಡುಗನಿಗೆ ಭಾಗಾಕಾರ ಬರುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಒಂದೇ ಹೋಗಿ, ಶಾಲೆ ಬಿಟ್ಟು ತಾನೂ ಗಾರೆ ಕೆಲಸಕ್ಕೆ ನಡೆಯುತ್ತಾನೆ. ಎಲ್ಲರೂ ದೇವರ ಚಿತ್ತ ಏನು ಅಂತ ಕೇಳುತ್ತಿದ್ದೀರಿ. ನಮ್ಮಂಥವರು ಮೂರು ವರ್ಷದಿಂದ ಒಬ್ಬ ಗಣಿತ ಮೇಷ್ಟ್ರು ಸಿಗಲಿ ಅಂತ ಪ್ರಾರ್ಥಿಸುತ್ತಿದ್ದೇವೆ ಸರ್. ನಿಮ್ಮ ಗಂಗಾವತಿಯಲ್ಲೂ ಇಂಥ ಮಕ್ಕಳು ಇರುತ್ತಾರೆ. ಅಜ್ಜಿಯರ ಒಪ್ಪಿಗೆ ತೆಗೆದುಕೊಳ್ಳಿ, ಗಣಿತ ಮಾತ್ರ ಹೇಳಿಕೊಡಿ, ಬಾಗಿಲು ತೆರೆದಿರಲಿ.

ಗಂಗಾವತಿಯ ಮೇಷ್ಟ್ರು, ಮೂರು ವಾರದ ನಂತರ:

ಎಲ್ಲರದ್ದೂ ಮನೆಯವಳಿಗೆ ಓದಿ ಹೇಳಿದೆ. ಕೊಪ್ಪಳದ ತಂಗಿಯ ಮಾತಿಗೆ ಅವಳು ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದಳು. ಮರುದಿನದಿಂದ ಚಹಾ ನಾನು ಮಾಡುತ್ತಿದ್ದೇನೆ. ಸಕ್ಕರೆ ಇನ್ನೂ ಹದಕ್ಕೆ ಬಂದಿಲ್ಲ.

ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರನ್ನು ಕೇಳಿದೆ. ಚರ್ಚಿನ ಪಕ್ಕದ ಹಾಲಿನಲ್ಲಿ ಸೋಮವಾರ, ಬುಧವಾರ ಸಂಜೆ ಐದಕ್ಕೆ ಕೂರಲು ಹೇಳಿದರು. ಎರಡು ಕಾಲೋನಿಗಳಲ್ಲಿ ಅಜ್ಜಿಯರ ಹತ್ತಿರ ಹೋಗಿ ಬಂದೆ. ಮೊದಲ ದಿನ ಯಾರೂ ಬರಲಿಲ್ಲ. ಆರರವರೆಗೆ ಕೂತಿದ್ದೆ. ನಿಜ ಹೇಳುತ್ತೇನೆ, ಎದ್ದು ಬಂದುಬಿಡೋಣ ಅನ್ನಿಸಿತು. ಎರಡನೇ ದಿನ ಮೂವರು ಬಂದರು. ಮೊನ್ನೆ ಏಳು ಜನ. ಒಬ್ಬಳು ಒಂಬತ್ತನೇ ತರಗತಿ, ಹೆಸರು ಕೇಳಿದರೆ ನೆಲ ನೋಡುತ್ತಾಳೆ. ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟು ಅಂದರೆ ಉತ್ತರವಿಲ್ಲ. ಒಂದು ರೊಟ್ಟಿ ತರಿಸಿ ಮುರಿದು ತೋರಿಸಿದೆ. "ಮುಕ್ಕಾಲು" ಅಂದಳು, ತಲೆ ಎತ್ತದೆ.

ರಾಯಚೂರಿನ ಅಣ್ಣನವರೇ, ನಿಮ್ಮ ನೋಟ್‌ಬುಕ್ಕಿನಲ್ಲಿ ಈ ಏಳು ಮಕ್ಕಳಿಗೂ ಜಾಗ ಮಾಡಿ. ಗುಟ್ಟಾಗಿ ಇರಲಿ, ಹೆಸರುಗಳನ್ನು ಫೋನಿನಲ್ಲಿ ಹೇಳುತ್ತೇನೆ. ಹಾಲಿನಲ್ಲಿ ಬೋರ್ಡ್ ಇಲ್ಲ. ಗೋಡೆಗೆ ಕಪ್ಪು ಬಣ್ಣ ಬಳಿದುಕೊಳ್ಳಬಹುದಾ ಅಂತ ಭಾನುವಾರ ಅಯ್ಯನವರನ್ನು ಕೇಳಬೇಕು.