ಏಜೆಂಟ್‌ಗಳು ಓಟು ಹಾಕೋದು ಬಿಟ್ಟು ವಾದ ಯಾಕೆ ಮಾಡಬೇಕು?

ತುಂಗಾತೀರ:
ನಮಸ್ಕಾರ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಪ್ರಾಜೆಕ್ಟಿಗೆ ಮೂರು ಸಾಫ್ಟ್‌ವೇರ್ ಏಜೆಂಟ್, ಅಂದ್ರೆ ತಾವೇ ನೋಡಿ ಸಲಹೆ ಕೊಡೋ ಪ್ರೋಗ್ರಾಂ, ಮಾಡ್ತಿದ್ದೇನೆ: ಹವಾಮಾನ ನೋಡೋದೊಂದು, ಖರ್ಚಿನದ್ದೊಂದು, ಕೊಳೆರೋಗದ್ದೊಂದು. ಮೂರೂ ಸೇರಿ ಇವತ್ತು ಕೊಳೆಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಔಷಧಿ) ಹೊಡೆಯೋದಾ ಬೇಡವಾ ಅಂತ ತೀರ್ಮಾನಿಸಬೇಕು. ನಾನು ಬಹುಮತ ಇಟ್ಟಿದ್ದೆ, ಗೈಡ್ ಮೇಡಂ ವಾದ ಮಾಡಿಸು ಅಂದ್ರು. ಅದರಲ್ಲಿ ಹೆಚ್ಚೇನಿದೆ?

ಹೊಳೆಬಾಗಿಲು:
ತುಂಬಾ ಇದೆ ತಮ್ಮಾ. ನಿನ್ನ ತೋಟದಲ್ಲೇ ನೋಡು. ರೋಗದ ಏಜೆಂಟ್ ಹೇಳುತ್ತೆ: ಹಿಂದಿನ ಸಲ ಹೊಡೆದು 45 ದಿನ ಆಯ್ತು, ಇವತ್ತೇ ಹೊಡೆಯಬೇಕು. ಹವಾಮಾನದ್ದು: ಬೇಡ, ಮಧ್ಯಾಹ್ನ ಮಳೆ, ಅಡಿಕೆ ಕೊನೆ (ಗೊಂಚಲು) ಮೇಲೆ ಔಷಧಿ ಒಣಗೋದರೊಳಗೆ ತೊಳೆದುಹೋಗುತ್ತೆ. ಖರ್ಚಿನದ್ದು: ತೊಳೆದುಹೋದರೆ 100 ಲೀಟರಿಗೆ ಒಂದೊಂದು ಕೆಜಿ ಮೈಲುತುತ್ತು, ಸುಣ್ಣ, ಮೇಲೆ ಕೂಲಿ, ಎಲ್ಲ ದಂಡ. ಓಟು ಹಾಕಿಸಿದರೆ ಬೇಡ ಅನ್ನೋರೇ ಇಬ್ಬರು. ಆದರೆ ಆ ಎರಡು ಓಟೂ ನಿಂತಿರೋದು ಒಂದೇ ಮಳೆಯ ಮೇಲೆ! ಎಣಿಕೆಯಲ್ಲಿ ಅದು ಕಾಣೋದೇ ಇಲ್ಲ.

ಈಗ ರೋಗದ ಏಜೆಂಟ್ ಹೀಗನ್ನಲಿ: ಆ ಮುನ್ಸೂಚನೆ ನಿನ್ನೆಯದ್ದು, ಬೆಳಗ್ಗೆ ಬಂದಿರೋದರಲ್ಲಿ ಮಳೆ ನಾಳೆ ರಾತ್ರಿಗೆ ಹೋಗಿದೆ. ಇದಕ್ಕೆ ಯಾರೂ ಆಕ್ಷೇಪ ಎತ್ತದಿದ್ದರೆ ಮಳೆಯ ವಾದವೂ ಬಿತ್ತು, ಖರ್ಚಿನದ್ದೂ ಬಿತ್ತು, ಮೊದಲನೇ ವಾದ ಮತ್ತೆ ಎದ್ದು ನಿಂತಿತು. ಫಾನ್ ಮಿನ್ ಡುಂಗ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 1995ರಲ್ಲಿ ಇದಕ್ಕೆ ಗಣಿತ ಕೊಟ್ಟರು. ವಾದದ ಒಳಗೇನಿದೆ ಅಂತ ನೋಡದೆ, ಯಾವುದು ಯಾವುದನ್ನ ಖಂಡಿಸುತ್ತೆ ಅನ್ನೋ ಬಾಣಗಳನ್ನಷ್ಟೇ ನೋಡೋದು. ಯಾರೂ ಖಂಡಿಸದ ವಾದಗಳನ್ನ ಮೊದಲು ಒಪ್ಪು, ಅವು ಬೀಳಿಸಿದ್ದನ್ನ ತೆಗೆ, ಅದರಿಂದ ಬಚಾವಾದದ್ದನ್ನ ಸೇರಿಸ್ತಾ ಹೋಗು. ಕೊನೆಗೆ ಉಳಿಯೋದೇ ಗ್ರೌಂಡೆಡ್ ಎಕ್ಸ್‌ಟೆನ್ಷನ್. ಕೋಡ್ ಚಿಕ್ಕದು, ಬೇಗ ಓಡುತ್ತೆ.

ತುಂಗಾತೀರ:
ಅಣ್ಣಾ, ಎರಡು ವಾದ ಒಂದನ್ನೊಂದು ಖಂಡಿಸಿದ್ರೆ? ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ಇವತ್ತು ಬಿಟ್ರೆ ಸಿಗಲ್ಲ ಅಂತ ಒಂದು, ಇವತ್ತು ಕೂಲಿ ಜಾಸ್ತಿ, ಕಾಯೋಣ ಅಂತ ಇನ್ನೊಂದು.

ಹೊಳೆಬಾಗಿಲು:
ಗ್ರೌಂಡೆಡ್ ಎರಡನ್ನೂ ಒಪ್ಪಲ್ಲ. ಪ್ರಿಫರ್ಡ್ ಅನ್ನೋ ಇನ್ನೊಂದು ವಿಧಾನ (ಒಳಗೊಳಗೆ ಖಂಡಿಸದೆ, ಹೊರಗಿನ ಏಟಿಗೆಲ್ಲ ಉತ್ತರ ಕೊಡೋ ವಾದಗಳ ಆದಷ್ಟು ದೊಡ್ಡ ಗುಂಪು ಆರಿಸೋದು) ತಗೊಂಡ್ರೆ ಎರಡು ಬೇರೆ ಬೇರೆ ಉತ್ತರ. ಬೆಂಚ್-ಕೇಪನ್ ಅನ್ನೋ ಸಂಶೋಧಕ 2003ರಲ್ಲಿ ತೋರಿಸಿದ ದಾರಿ ಇಲ್ಲಿ ಬೇಕು: ಪ್ರತಿ ವಾದಕ್ಕೂ ಅದು ಕಾಯೋದು ಬೆಳೆಯನ್ನೋ ದುಡ್ಡನ್ನೋ ಅಂತ ಬರಿ. ಬೆಳೆಯೇ ಮೇಲು ಅನ್ನೋರಿಗೆ ದುಡ್ಡಿನ ವಾದದ ಏಟು ತಾಗಲ್ಲ. ಯಾವುದು ಮೇಲು ಅನ್ನೋದನ್ನ ಮಾತ್ರ ದಯವಿಟ್ಟು ಕೋಡಲ್ಲಿ ಕೂರಿಸಬೇಡ, ಅಪ್ಪನ್ನ ಕೇಳು. ಸಾಲದ ಕಂತು ಕಟ್ಟೋ ವರ್ಷ ಅದು ಬದಲಾಗಿರುತ್ತೆ.

ಕೊಪ್ಪದ ಅಕ್ಕ:
ಮಾತುಕತೆಗೂ ನಿಯಮ ಬೇಕು ಕಣೋ. ವಾದಗಳ ಅಧ್ಯಯನ ಮಾಡಿದ ವಾಲ್ಟನ್ ಮತ್ತು ಕ್ರಾಬೆ 1995ರಲ್ಲಿ ಮನವೊಲಿಕೆ, ಚೌಕಾಸಿ, ಕೂಡಿ ಆಲೋಚಿಸೋದು ಇವನ್ನೆಲ್ಲ ಬೇರೆ ಬೇರೆ ಮಾಡಿಟ್ಟಿದ್ದಾರೆ. ನಿಂದು ಕೂಡಿ ಆಲೋಚಿಸೋದು. ಯಾವ ಏಜೆಂಟ್ ಏನು ಒಪ್ಪಿಕೊಂಡಿದೆ ಅನ್ನೋದು ಎಲ್ಲಕ್ಕೂ ಕಾಣೋ ಪಟ್ಟಿಯಲ್ಲಿರಲಿ. ಮಳೆ ಇಲ್ಲ ಅಂತ ಒಪ್ಪಿದ ಏಜೆಂಟ್ ಆಮೇಲೆ ಮಳೆಯನ್ನೇ ಕಾರಣ ಕೊಡೋ ಹಾಗಿಲ್ಲ, ಮೊದಲು ಒಪ್ಪಿಗೆ ವಾಪಸ್ ತಗೋಬೇಕು. ಯಾವ ವಾದ ಯಾಕೆ ಬಿತ್ತು ಅನ್ನೋದನ್ನ ಕನ್ನಡದಲ್ಲೇ ಅಪ್ಪನ ಫೋನಿಗೆ ಕಳಿಸು. ತೋಟದ ಮೇಲ್ಗಡೆ ಮೋಡ ಕಟ್ಟಿದ್ದು ಕಂಡರೆ ಅವರೇ ಒಂದು ಆಕ್ಷೇಪ ಸೇರಿಸೋ ಹಾಗಿರಲಿ.