ಪಲವಾನ್ ಅಂಡರ್‌ಗ್ರೌಂಡ್ ರಿವರ್‌ಗೆ ಅಮ್ಮನ್ನ ಕರ್ಕೊಂಡು ಹೋಗ್ಬೋದಾ?

ಫಿಲಿಪ್ಪೀನ್ಸ್ ಟ್ರಿಪ್ ಹಾಕ್ಕೊಂಡಿದೀವಿ, ಪ್ವೆರ್ಟೊ ಪ್ರಿನ್ಸೆಸಾದಲ್ಲಿ ಉಳ್ಕೊಳೋದು ಅಂತ ಪ್ಲಾನ್. ಅಲ್ಲಿ ಗುಹೆ ಒಳಗೆ ಹರಿಯೋ ನದಿಗೆ ದೋಣೀಲಿ ಕರ್ಕೊಂಡು ಹೋಗ್ತಾರಲ್ಲ, ಅದನ್ನ ನೋಡ್ಲೇಬೇಕು ಅಂತ ನಂಗೆ ಆಸೆ. ಆದ್ರೆ ಅಮ್ಮಂಗೆ ಮಂಡಿ ನೋವು, ಜೊತೆಗೆ ಲಿಫ್ಟಲ್ಲಿ ಕರೆಂಟ್ ಹೋದ್ರೆ ಬೆವರೋ ಪೈಕಿ. ಒಳಗೆ ಎಷ್ಟು ಹೊತ್ತು ಇರ್ಬೇಕು, ತೀರಾ ಇಕ್ಕಟ್ಟಾ? ಹೋಗಿಬಂದವ್ರು ಹೇಳಿ ಪ್ಲೀಸ್.

ಉತ್ತರ 1
ಆರಾಮಾಗಿ ಕರ್ಕೊಂಡು ಹೋಗಿ. ಇಕ್ಕಟ್ಟು ಅಂತ ಅನ್ಸೋದೇ ಇಲ್ಲ, ಕೆಲವು ಕಡೆ ಚಾವಣಿ ತಗ್ಗಾಗಿದೆ ಅಷ್ಟೇ, ಅದಕ್ಕೇ ಹೆಲ್ಮೆಟ್ ಕೊಡ್ತಾರೆ, ಆಮೇಲೆ ಕೆಥೆಡ್ರಲ್ ಅನ್ನೋ ಜಾಗ ಬರುತ್ತೆ, ಅಲ್ಲಿ ಟಾರ್ಚ್ ಬಿಟ್ರೂ ಬೆಳಕು ಮೇಲಕ್ಕೆ ಮುಟ್ಟೋದು ಕಷ್ಟ. ಟೂರಿಸ್ಟ್‌ಗಳಿಗೆ ತೋರ್ಸೋದು ಸುಮಾರು 1.5 ಕಿಲೋಮೀಟರ್ ಮಾತ್ರ (ನದಿ 8.2 ಕಿಲೋಮೀಟರ್ ಇದೆ), ಹೋಗಿ ಬರೋಕೆ ಮುಕ್ಕಾಲು ಗಂಟೆ ಆಗ್ಬೋದು. ಇಂಜಿನ್ ಇಲ್ಲ, ದೋಣಿಯವ್ನು ಹುಟ್ಟು ಹಾಕ್ತಾ ಹೋಗ್ತಾನೆ. ಆಡಿಯೋ ಗೈಡ್ ಕಿವಿಗೆ ಹಾಕ್ತಾರೆ, ಜನ ಗಲಾಟೆ ಮಾಡಿದ್ರೆ ಬಾವಲಿಗಳಿಗೂ ಸ್ವಿಫ್ಟ್‌ಲೆಟ್ ಹಕ್ಕಿಗಳಿಗೂ ತೊಂದ್ರೆ ಅಂತ. ತಲೆ ಎತ್ತಿ ನೋಡುವಾಗ ಬಾಯಿ ಮಾತ್ರ ಮುಚ್ಕೊಂಡಿರಿ, ಮೇಲಿಂದ ಬೀಳೋದೆಲ್ಲ ನೀರೇ ಅಲ್ಲ.

ಉತ್ತರ 2
ಗುಹೆ ಬಗ್ಗೆ ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಮಂಡಿ ನೋವಿನವ್ರಿಗೆ ಕಷ್ಟ ಆಗೋದು ಗುಹೆ ಅಲ್ಲ, ಅದಕ್ಕಿಂತ ಮುಂಚಿನ ದಾರಿ. ಸಿಟಿಯಿಂದ ಸಬಾಂಗ್ ಅನ್ನೋ ಕಡಲತೀರದ ಊರಿಗೆ ವ್ಯಾನಲ್ಲಿ ಹತ್ತತ್ರ ಎರಡು ಗಂಟೆ, ತಿರುವುಗಳು ಜಾಸ್ತಿ. ಅಲ್ಲಿಂದ ಬಂಕಾ ಹತ್ತಬೇಕು, ಎರಡೂ ಕಡೆ ಬಿದಿರಿನ ದಬ್ಬೆ ಕಟ್ಟಿರೋ ಮೋಟಾರ್ ದೋಣಿ, ಅದು ತೆರೆದ ಸಮುದ್ರದಲ್ಲಿ ಹೋಗೋದು, ಅಲೆ ಇದ್ರೆ ಚೆನ್ನಾಗಿ ಎತ್ತಿ ಹಾಕುತ್ತೆ, ಇಳಿಯುವಾಗ ಮೊಣಕಾಲುದ್ದ ನೀರಿಗೆ ಕಾಲಿಡಬೇಕಾಗ್ಬೋದು. ಆಮೇಲೆ ಕಾಡಲ್ಲಿ ಸ್ವಲ್ಪ ನಡಿಗೆ, ಆಮೇಲೆ ಸಣ್ಣ ದೋಣಿ. ಒಟ್ಟಲ್ಲಿ ಹತ್ತೋದು ಇಳಿಯೋದೇ ಜಾಸ್ತಿ. ಅಮ್ಮನ ಕೈ ಹಿಡಿಯೋಕೆ ಇಬ್ರು ಇದ್ರೆ ಒಳ್ಳೇದು.

ಇನ್ನೊಂದು, ಸಮುದ್ರ ಜೋರಾಗಿದ್ರೆ ದೋಣಿ ಬಿಡೋದೇ ಇಲ್ಲ, ಟೂರ್ ಕ್ಯಾನ್ಸಲ್. ಮಳೆಗಾಲದಲ್ಲಿ ಇದು ಮಾಮೂಲು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋದ್ರೆ ವಾಸಿ, ಮತ್ತೆ ಇದನ್ನ ಟ್ರಿಪ್ಪಿನ ಕೊನೇ ದಿನಕ್ಕೆ ಇಡ್ಲೇಬೇಡಿ.

ಪ್ರಶ್ನೆ ಕೇಳಿದವ್ರು
ಅಯ್ಯೋ ನಾನು ಕೊನೇ ದಿನಕ್ಕೇ ಇಟ್ಟಿದ್ದೆ, ಬದಲಾಯಿಸ್ತೀನಿ. ಪರ್ಮಿಟ್ ನಾವೇ ತಗೋಬೇಕಾ?

ಉತ್ತರ 3
ಟೂರ್ ಕಂಪನಿಯವ್ರೇ ಮಾಡಿಸ್ಕೊಡ್ತಾರೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಸೋ ಸೀಸನ್ನಲ್ಲಿ ಮುಂಚೆನೇ ಬುಕ್ ಮಾಡಿ. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ, ರೂಲ್ಸ್ ಇರೋದು ಒಳ್ಳೇದೇ.

ನಂಗೆ ಇಷ್ಟ ಆಗಿದ್ದು ಬೇರೆ, ಅದನ್ನ ಯಾರೂ ಹೇಳಲ್ಲ. ಈ ನದಿ ಗುಹೆಯಿಂದ ನೇರ ಸಮುದ್ರಕ್ಕೇ ಬಂದು ಬೀಳುತ್ತೆ, ಹಾಗಾಗಿ ಉಬ್ಬರದಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತೆ, ನೀವು ದೋಣೀಲಿ ಹೋಗೋ ಭಾಗದ ನೀರು ಪೂರ್ತಿ ಸಿಹಿ ಅಲ್ಲ. ಗೋಡೆಯಲ್ಲಿ ಒಂದು ಕಡೆ ಕಡಲಹಸುವಿನ (ಸಮುದ್ರದಲ್ಲಿರೋ ದೊಡ್ಡ ಸಸ್ತನಿ) ಪಳೆಯುಳಿಕೆನೂ ಇದೆ, ಸುಮಾರು 2 ಕೋಟಿ ವರ್ಷ ಹಳೇದಂತೆ. ಆಡಿಯೋದಲ್ಲಿ ಮಾತ್ರ ಕಲ್ಲಿನ ಆಕಾರಗಳಿಗೆ ಇದು ಜೋಳ, ಇದು ಅಣಬೆ, ಇದು ಏಸುವಿನ ಮುಖ ಅಂತಾನೇ ಜಾಸ್ತಿ ಹೊತ್ತು ಹೇಳ್ತಾರೆ, ಸ್ವಲ್ಪ ಬೋರು ಅದು. ನಮ್ಮ ದೋಣೀಲಿ ಮುಂದೆ ಕೂತವ್ರ ಕೈಗೇ ಲೈಟ್ ಕೊಟ್ಟಿದ್ರು, ಅಮ್ಮನ್ನ ಮುಂದೆ ಕೂರಿಸಿ, ಬೆಳಕು ಅವ್ರ ಕೈಯಲ್ಲೇ ಇದ್ರೆ ಕತ್ತಲೆ ಭಯ ಕಮ್ಮಿ ಆಗುತ್ತೆ.

ಉತ್ತರ 1
ಹಾಂ, ದಡದಲ್ಲಿ ಕೋತಿಗಳಿವೆ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಕಂಡ್ರೆ ತಿಂಡಿ ಅನ್ಕೊಂಡು ಕಿತ್ಕೊಳತ್ವೆ, ಅಮ್ಮನ ಮಾತ್ರೆ ಗೀತ್ರೆ ಬ್ಯಾಗ್ ಒಳಗೆ ಹಾಕಿ ಜಿಪ್ ಎಳೀರಿ.